ಮಲ್ಲಣ್ಣ ಬಾಯಿ ಮುಚ್ಚಿದ್ದ ಆರು ದಿನ

ಹೋದ ತಿಂಗಳು ಸತ್ಯಮಂಗಲದಿಂದ ಬರುವಾಗ ದಿಂಬಂನಲ್ಲಿ ಬಸ್ಸಿಳಿದು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಇಪ್ಪತ್ತೇಳು ತಿರುವುಗಳನ್ನು ಏದುಸಿರು ಬಿಡುತ್ತ ಹತ್ತಿ ಬಂದ ಲಾರಿಯೊಂದು ಎದುರಿಗೆ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಕ್ಲಚ್ ಸುಟ್ಟ ವಾಸನೆ ಮಂಜಿನೊಳಗೆ ಸೇರಿಕೊಂಡು ಮೂಗಿಗೆ ಬಂತು. ಆ ವಾಸನೆಗೆ ನಿಮಗೆ ಹೊಟ್ಟೆ ತೊಳೆಸಬಹುದು. ನನಗೆ ಹಸಿವಾಗುತ್ತದೆ. ಇಪ್ಪತ್ತು ವರ್ಷ ಈ ಘಾಟಿಯಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರಾಗಿದ್ದವನು ನಾನು. ಈ ವಾಸನೆ ಬಂತೆಂದರೆ ಹಿಂದೆಯೇ ಟೀ, ಬೋಂಡಾ ಬರುತ್ತವೆ ಎಂದು ನನ್ನ ಹೊಟ್ಟೆ ಕಲಿತುಬಿಟ್ಟಿದೆ. ಕೆಲಸ ಬಿಟ್ಟರೂ ಅದು ಕಲಿತದ್ದನ್ನು ಬಿಟ್ಟಿಲ್ಲ.

ಪಕ್ಕದ ಬೆಂಚಿನಲ್ಲಿ ನಾಲ್ಕು ಜನ ಹರೆಯದವರು ಕೂತಿದ್ದರು. ತಾಳವಾಡಿ ಕಡೆಯವರೇ. ಅವರಲ್ಲೊಬ್ಬ ಗ್ಲಾಸು ಕೆಳಗಿಟ್ಟು ಕತೆ ಶುರು ಮಾಡಿದ.

“ಲೋ, ಬಾಯ್ಬಡ್ಕ ಡ್ರೈವರ್ ಕತೆ ಗೊತ್ತೇನ್ಲಾ? ಇದೇ ಜಾಗ ಕಣ್ಲಾ. ಕಣ್ ಕಾಣ್ದಿರೋ ಮುದ್ಕೀನ ಇಲ್ಲೇ ಬುಟ್ಬುಟ್ಟು ಬಸ್ ಓಡಿಸ್ಕಂಡ್ ಓಗ್ಬುಟ್ನಂತೆ. ಊರ್ಗೆಲ್ಲಾ ಕೇಳಂಗೆ ಬಾಯ್ ಮಾಡ್ತಿದ್ದೋನು, ಅವತ್ ಮಾತ್ರ ಬಾಯ್ಗೆ ಬೀಗ ಆಕ್ಕಂಡಿದ್ನಂತೆ! ಆಮೇಲೆ ಒಂದ್ ಆನೆ ಬಂದು, ಮುದ್ಕೀತಾವ ಸೊಂಡ್ಲು ನೀಡಿ, ‘ಟಿಕೆಟ್, ಟಿಕೆಟ್’ ಅಂತಂತೆ!”

ಸೊಂಡಿಲಿನ ಹಾಗೆ ಕೈ ಆಡಿಸಿ ತೋರಿಸಿದ. ಮಿಕ್ಕವರು ಟೀ ಚೆಲ್ಲಿಕೊಂಡು ನಕ್ಕರು. ಅವನು ನನ್ನ ಕಡೆಯೂ ತಿರುಗಿ, “ಎಂಗದೆ ಯಜಮಾನ್ರೇ ಕತೆ?” ಎಂದ.

“ಚೆನ್ನಾಗಿದೆ” ಎಂದೆ.

ಆ ಆನೆ ನನ್ನದು. ಎಂದರೆ, ಆ ಆನೆಯನ್ನು ಆ ಕತೆಯೊಳಗೆ ಹೊಡೆದುಕೊಂಡು ಬಂದವನು ನಾನು. ಯಾರದೋ ಬೀಗರೂಟದಲ್ಲಿ ಎಲೆ ಮುಂದೆ ಕೂತು, ಪಾಯಸ ಬರುವವರೆಗೆ ಜನರನ್ನು ನಗಿಸೋಣ ಎಂದು ಅಲ್ಲಿಯೇ ಹುಟ್ಟಿಸಿದ ಆನೆ. ಸೊಂಡಿಲಿನ ಹಾಗೆ ಕೈ ಆಡಿಸಿದ್ದೂ ನನ್ನದೇ ಆಟ. ಅದು ಹತ್ತು ಬಾಯಿ ದಾಟಿ, ನನ್ನ ಗುರುತೇ ಇಲ್ಲದವನ ಬಾಯಲ್ಲಿ ನನ್ನೆದುರಿಗೇ ಬಂದು ನಿಂತಿತ್ತು. ಕತೆಯಲ್ಲಿ ಆನೆಯೊಂದೇ ಸುಳ್ಳಾಗಿದ್ದರೆ ನಾನೂ ನಕ್ಕು ಇನ್ನೊಂದು ಬೋಂಡಾ ಹೇಳುತ್ತಿದ್ದೆ. ಆದರೆ ಆ ಡ್ರೈವರ್ ಇದ್ದಾನಲ್ಲ, ಅವನೇ ಸುಳ್ಳು. ಬದುಕಿರುವ ಮನುಷ್ಯನೊಬ್ಬನ ಹೆಸರು ಆ ಕತೆಯಲ್ಲಿ ಕೆಟ್ಟು ಕೂತಿದೆ. ಕೆಡಿಸಿದವನು ನಾನು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಣ್ಣಲು ಕೂತರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ, ಅಂಗಳದಲ್ಲಿ ನಿಂತರೆ ಹೊಲಕ್ಕೆ, ಹೊಲಕ್ಕೆ ಹೋದರೆ ಏತಕ್ಕೆ ಬಂದೆನೆಂಬುದು ಮರೆತು ಮತ್ತೆ ಮನೆಗೆ. “ಏನ್ ಬೆಕ್ಕು ಮರಿ ಮಡಗೋ ಜಾಗ ಉಡುಕ್ದಂಗ್ ಉಡುಕ್ತಾ ಇದ್ದೀಯೆ?” ಎಂದು ಹೆಂಡತಿ ಕೇಳಿದಳು. ನಿಮಗಾದರೂ ಸರಿಯಾಗಿ ಹೇಳುತ್ತೇನೆ, ಕೇಳಿ.

ಡ್ರೈವರನ ಹೆಸರು ಮಲ್ಲಣ್ಣ. ತಾಳಮಲೆಯವನು. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯ. ಸತ್ಯಮಂಗಲದಿಂದ ದಿಂಬಂ ಹತ್ತಿ, ಅಲ್ಲಿಂದ ತಾಳಮಲೆಯ ಕಾಡುದಾರಿ ಹಿಡಿದು, ತಾಳವಾಡಿ ಮುಟ್ಟಿ, ನಮ್ಮೂರು ಗೆಟ್ಟವಾಡಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಜೊತೆಗಿದ್ದೆವು. ಅವನ ದನಿ ಎಂಥದೆಂದು ಹೇಗೆ ಹೇಳಲಿ? ಒಂದು ಸಲ ನಮ್ಮ ಬಸ್ಸಿನ ಹಾರನ್ ಕೆಟ್ಟಿತು. ಮೊದಲಾಳಿ, ಎಂದರೆ ಬಸ್ಸಿನ ಒಡೆಯ, ಮೂರು ತಿಂಗಳಾದರೂ ಅದನ್ನು ರಿಪೇರಿ ಮಾಡಿಸಲಿಲ್ಲ. ಅಗತ್ಯವೇ ಬೀಳಲಿಲ್ಲ. ಎಮ್ಮೆ ಅಡ್ಡ ಬಂದರೆ ಮಲ್ಲಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಮ್ಮೆಯ ವಂಶವನ್ನೇ ಎತ್ತಿ ಬೈಯುತ್ತಿದ್ದ. ಎದುರಿಗೆ ಲಾರಿ ಬಂದರೆ ಆ ಡ್ರೈವರಿಗೆ ತಮಿಳಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ. ಬೈಗುಳಕ್ಕೆ ಮಾತ್ರ ಅವನಿಗೆ ಗಡಿ ಇರಲಿಲ್ಲ.

ಬಸ್ಸಿನೊಳಗಿನವರಿಗೂ ಬಿಡುವಿಲ್ಲ. “ದಪ್ಪನ್ನೋರೆಲ್ಲಾ ಒಂದೇ ಕಡೀಕ್ ಕುಂತ್ರೆ ಬಸ್ಸೇನ್ ಕುಂಟ್ಕಂಡ್ ಓಗ್ಬೇಕಾ? ಏ ಅವ್ವ, ನೀನ್ ಇತ್ಲಾಗ್ ಬಾ!” ಎಂದು ಕೂಗಿದರೆ, ಯಾರನ್ನು ಎಂದು ಹೇಳದಿದ್ದರೂ ಮೂರು ಜನ ನಾಚಿಕೊಂಡು ಏಳುತ್ತಿದ್ದರು. ತಿರುವುಗಳಲ್ಲಿ ಯಾರಿಗಾದರೂ ವಾಂತಿ ಬಂದರೆ, “ಮಕ ಆಚ್ಗ್ ಇಡು! ಆಚ್ಗ್ ಇಡು ಅಂದ್ರೆ ನನ್ ಕಡೀಕ್ ತಿರುಗ್ತೀಯಲ್ಲಾ!” ಎಂದು ಗದರುತ್ತಲೇ, ಗಾಜಿನ ಮುಂದೆ ಇಟ್ಟಿದ್ದ ನಿಂಬೆಹಣ್ಣನ್ನು ತಿರುಗಿಯೂ ನೋಡದೆ ಹಿಂದಕ್ಕೆ ಎಸೆಯುತ್ತಿದ್ದ. ಅದು ಹೋಗಿ ಸರಿಯಾದವರ ಮಡಿಲಲ್ಲೇ ಬೀಳುತ್ತಿತ್ತು. ನಿಂಬೆಹಣ್ಣು ಸಿಕ್ಕಿದವರು ಅದನ್ನು ಮೂಸುತ್ತ ಅವನನ್ನು ಶಪಿಸುತ್ತಿದ್ದರು.

ನನ್ನ ಕತೆಯೋ ಪೂರ್ತಿ ಬೇರೆ. ನನ್ನನ್ನು ಸಾಕಿದವಳು ಅಜ್ಜಿ. ಮಾತು ಕಲಿತದ್ದೂ ಅವಳ ಬಾಯಿಂದ, ಅವಳ ಜೊತೆ ಜಗಲಿಯಲ್ಲಿ ಕೂರುತ್ತಿದ್ದ ಹಿರಿಯರ ಬಾಯಿಂದ. “ಮಾತು ಮೆತ್ಗಿರ್ಬೇಕು ಕಣ್ ಮಗ, ಕೇಳೋರು ಅತ್ರ ಬರ್ಬೇಕು” ಎನ್ನುತ್ತಿದ್ದಳು. ಜಗಲಿಗೆ ಸರಿ. ಬಸ್ಸಿನಲ್ಲಿ ನನ್ನ ಮಾತು ಕೇಳಲು ಹತ್ತಿರ ಬಂದವರು ಇನ್ನೊಬ್ಬರ ಕಾಲು ತುಳಿಯುತ್ತಿದ್ದರು. ನಾನು ಟಿಕೆಟ್ ಕೇಳಿದರೆ, ಕ್ಷೇಮ ವಿಚಾರಿಸಿದೆನೆಂದು ತಿಳಿದು “ಉಂ, ಚೆಂದಾಗಿವ್ನಿ ಕಣಪ್ಪ” ಎಂದವರೂ ಉಂಟು. ಆದರೂ ನನಗೆ ನನ್ನ ದನಿಯ ಮೇಲೆ ಒಳಗೊಳಗೇ ಹೆಮ್ಮೆ. ಮಲ್ಲಣ್ಣ ನನ್ನನ್ನು ‘ಐನೋರೇ’ ಎಂದು ಕರೆಯುತ್ತಿದ್ದ. ನಾವು ಪೂಜೆ ಮಾಡುವ ಐನೋರ ಮನೆಯವರಲ್ಲ, ಆರು ಕಟ್ಟಿ ಹೊಲ ಉಳುವ ಮನೆಯವರು. ಅದು ಗೌರವವಲ್ಲ, ಗೇಲಿ. “ಐನೋರೇ, ಮಂತ್ರ ಸಾಕು, ವಿಸ್ಲು ಊದಿ!”

ವಿಸಿಲ್ ಎಂದರೆ ನಮ್ಮಿಬ್ಬರ ನಡುವಿನ ಒಪ್ಪಂದ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಊದುವುದು ಕಂಡಕ್ಟರ್ ಕೆಲಸ, ಅವನು ಊದದೆ ಡ್ರೈವರ್ ಬಸ್ಸು ಎತ್ತುವಂತಿಲ್ಲ. ಆದರೆ ದಿಂಬಂನಲ್ಲಿ ಇನ್ನೊಂದು ಪದ್ಧತಿ ಇತ್ತು. ಅಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಟೀ ಕುಡಿಯುವವರು, ತಲೆ ತಿರುಗಿ ಇಳಿದವರು, ಪೊದೆ ಮರೆಗೆ ಹೋದವರು ಎಲ್ಲ ಒಂದೊಂದು ದಿಕ್ಕಿಗೆ. ಮಂಜು ಬೇರೆ. ಅದರಾಚೆ ತಾಳಮಲೆಯವರೆಗೂ ಕಾಡು, ಬಿಟ್ಟುಹೋದರೆ ನಡೆದು ಬರುವ ದಾರಿಯಲ್ಲ. ತಲೆ ಎಣಿಸೋಣವೆಂದರೆ ನಿಂತವರ ನಡುವೆ ಎಣಿಕೆ ನಿಲ್ಲದು. ಅದಕ್ಕೆ ಮಲ್ಲಣ್ಣ ಸೀಟಿನಿಂದ ಎದ್ದು, ಹಿಂದಕ್ಕೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದ: “ಪಕ್ದೋರ್ ಬಂದ್ರಾ ನೋಡ್ರಲಾ!”

ತಾನು ಬಂದೆ ಎಂದು ಯಾರೂ ಹೇಳಬೇಕಾಗಿಲ್ಲ. ಪಕ್ಕದವರು ಬಂದಿದ್ದಾರೋ ಇಲ್ಲವೋ ಹೇಳಬೇಕು. “ಬಂದವ್ರೆ” “ಬಂದವ್ಳೆ” ಎಂದು ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಉತ್ತರ ಹೋಗಬೇಕು. ಜಗಳವಾಡಿಕೊಂಡ ಗಂಡ ಹೆಂಡಿರೂ ಅಲ್ಲಿ ಒಬ್ಬರಿಗೊಬ್ಬರು ಸಾಕ್ಷಿ ಹೇಳಲೇಬೇಕು. ಯಾರಾದರೂ ತಡವರಿಸಿದರೆ ಮಲ್ಲಣ್ಣ ಬಸ್ಸು ಎತ್ತುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಬ್ಬರೂ ಬಿಟ್ಟುಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಅದು ನಾನು ಮಾಡಬೇಕಾದ ಕೆಲಸ. ಆ ಕೂಗು ನನ್ನ ಗಂಟಲಿಗೆ ಒಗ್ಗದೆಂದು ಅವನಿಗೆ ಬಿಟ್ಟಿದ್ದೆ. ಬಿಟ್ಟದ್ದನ್ನು ಮರೆತೂ ಬಿಟ್ಟಿದ್ದೆ. ಕೊನೆಕೊನೆಗೆ ಅದು ಅವನ ಬಾಯಿಬಡುಕತನದಲ್ಲೇ ಒಂದು ಎಂದುಕೊಂಡಿದ್ದೆ.

ಎಂಟು ವರ್ಷದ ಹಿಂದೆ ಒಂದು ದಿನ ನನ್ನ ಮಗಳನ್ನು ನೋಡಲು ಬರುವವರು ನಮ್ಮ ಬಸ್ಸಿನಲ್ಲೇ ಬಂದರು. ಗಂಡಿನ ತಂದೆ, ಸೋದರಮಾವ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವರ ಸೀಟಿನ ಪಕ್ಕ ನಿಂತು ಮಳೆ ಬೆಳೆ ಮಾತಾಡುತ್ತಿದ್ದೆ. ಬಣ್ಣಾರಿ ಸ್ಟಾಪಿನಲ್ಲಿ ಜನ ಇಳಿದಾಗಿತ್ತು, ನನಗೆ ಗಮನವಿಲ್ಲ. ಮುಂದಿನಿಂದ ಸಿಡಿಲು ಬಂತು: “ಐನೋರೇ! ನಿದ್ದೆ ಒಡೀತಾ ಇದ್ದೀರಾ, ಇಲ್ಲಾ ವಿಸ್ಲು ನುಂಗ್ಬುಟ್ರಾ? ನುಂಗಿದ್ರೆ ಯೋಳಿ, ಬಾಳೆಅಣ್ಣು ಕೊಡ್ಸ್ತೀನಿ, ಬೆಳಗಾನ ಈಚ್ಗ್ ಬತ್ತದೆ!”

ಬಸ್ಸಿಗೆ ಬಸ್ಸೇ ಹೋ ಎಂದು ನಕ್ಕಿತು. ಸೋದರಮಾವನೂ ನಕ್ಕ. ಗಂಡಿನ ತಂದೆ ನಗಲಿಲ್ಲ. ಮೆಲ್ಲಗೆ, “ನಿಮ್ಗೆ ದಿನಾಲೂ ಇಂಗೇ ಮಾತಾಡ್ತಾರಾ?” ಎಂದು ಕೇಳಿದರು. ಆ ಮಾತು ನನಗೆ ಮಲ್ಲಣ್ಣನ ಕೂಗಿಗಿಂತ ಜೋರಾಗಿ ಕೇಳಿಸಿತು. ಸಂಬಂಧ ಕೂಡಿಬಂತು, ಅದು ಬೇರೆ ಮಾತು. ಮಾರನೆಯ ಬೆಳಿಗ್ಗೆ ನಾನು ಮೊದಲಾಳಿಯ ಮನೆ ಜಗಲಿಯಲ್ಲಿದ್ದೆ. ಮೆತ್ತಗೆ ಹೇಳಿದೆ, ಅಜ್ಜಿ ಕಲಿಸಿದ ಹಾಗೆ. ಮೆತ್ತಗೆ ಹೇಳಿದ ದೂರು ಎಷ್ಟು ಆಳಕ್ಕೆ ಇಳಿಯುತ್ತದೆಂದು ನಿಮಗೆ ಗೊತ್ತಿರಬಹುದು. ಮೊದಲಾಳಿ ಮಲ್ಲಣ್ಣನನ್ನು ಕರೆಸಿ ನನ್ನೆದುರಿಗೇ ಅಂದರು: “ಇನ್ಮೇಲೆ ಬಸ್ಸಲ್ಲಿ ನಿನ್ ಬಾಯ್ ಕೇಳಿಸ್ಬಾರ್ದು. ಏನಿದ್ರೂ ಕಂಡಕ್ಟ್ರು ಮಾತಾಡ್ತಾನೆ. ನೀನ್ ಸ್ಟೇರಿಂಗ್ ಇಡ್ಕೊ, ಸಾಕು.”

ಮಲ್ಲಣ್ಣ ನನ್ನನ್ನು ಒಮ್ಮೆ ನೋಡಿದ. “ಆಯ್ತು” ಎಂದ. ಅದೇ ಕೊನೆ.

ಮೊದಲ ದಿನ ಸ್ವರ್ಗ. ಎಂಜಿನ್ನಿನ ಸದ್ದು ಹೀಗಿರುತ್ತದೆಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಎರಡನೆಯ ದಿನ ಹೆಂಗಸರು, “ಡ್ರೈವರ್ಗೆ ಅಲ್ಲು ನೋವಾ?” ಎಂದು ನನ್ನನ್ನು ಕೇಳಿದರು. ಮೂರನೆಯ ದಿನ ಕಿಟಕಿ ಸೀಟಿಗೆ ಇಬ್ಬರು ಕಿತ್ತಾಡಿದರು. ನಾನು ನ್ಯಾಯ ಹೇಳುತ್ತ ಹೇಳುತ್ತ ನಾಲ್ಕು ಸ್ಟಾಪು ದಾಟಿತು. ಮಲ್ಲಣ್ಣ ಬಾಯಿ ಬಿಟ್ಟಿದ್ದರೆ ಒಂದೇ ಕೂಗಿಗೆ ಇಬ್ಬರೂ ನಿಂತುಕೊಂಡು ಮೂರನೆಯವನು ಕೂರುತ್ತಿದ್ದ. ನಾಲ್ಕನೆಯ ದಿನ ವಾಂತಿ ಬಂದ ಒಬ್ಬಳು ನಿಂಬೆಹಣ್ಣಿಗೆ ಕೈ ಚಾಚಿದಳು. ಮಲ್ಲಣ್ಣ ಹಣ್ಣನ್ನು ಎಸೆಯಲಿಲ್ಲ. ಮೆಲ್ಲಗೆ ಎತ್ತಿ ನನ್ನ ಕೈಗೆ ಕೊಟ್ಟ, ನಾನು ಅವಳಿಗೆ ಕೊಡಲೆಂದು. ಅಷ್ಟು ಕಟ್ಟುನಿಟ್ಟು. ದಿಂಬಂನಲ್ಲಿ ನಾನು ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ನಡೆದು ಕಣ್ಣಾಡಿಸಿ ಬಂದು ಊದುತ್ತಿದ್ದೆ. ಐದು ದಿನ ಹಾಗೇ ಕಳೆಯಿತು.

ಆರನೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮೂರ ಮಾದಮ್ಮಜ್ಜಿ ಸತ್ಯಮಂಗಲದಲ್ಲಿ ಹತ್ತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ತೋರಿಸಿಕೊಂಡು ಬರಲು ಒಬ್ಬಳೇ ಹೋಗಿದ್ದಳು. ದೊಡ್ಡ ಕಪ್ಪು ಕನ್ನಡಕ. “ಒಬ್ಳೇ ಬಂದ್ಯಾ ಅಜ್ಜಿ?” ಎಂದೆ. “ನಿನ್ ಬಸ್ಸು ಇರೋವಾಗ ನಂಗ್ ಇನ್ಯಾರ್ಲಾ ಬೇಕು?” ಎಂದು ನನ್ನ ಮೊಣಕೈ ಹಿಡಿದು ಕೂತಳು. ದಿಂಬಂನಲ್ಲಿ ಅವಳನ್ನು ಇಳಿಸಿ, ಟೀ ಅಂಗಡಿಯ ಹಿಂದಿನ ದಾರಿ ತೋರಿಸಿದ್ದೂ ನಾನೇ.

ಮಂಜು ಆಗ ತಾನೇ ರಸ್ತೆಗೆ ಇಳಿಯುತ್ತಿತ್ತು. ಜನ ಹತ್ತಿದರು. ಒಳಗೆ ನಡೆಯುವಂತಿರಲಿಲ್ಲ. ಬಾಗಿಲಲ್ಲೇ ನಿಂತು, “ಎಲ್ಲಾ ಬಂದ್ರಾ?” ಎಂದೆ. ನನ್ನ ದನಿ ಮೂರನೆಯ ಸೀಟಿನಾಚೆ ಹೋಗಿರಲಾರದು. ಯಾರೋ ‘ಊಂ’ ಎಂದರು. ಎರಡು ವಿಸಿಲ್ ಊದಿದೆ.

ಬಸ್ಸು ಕದಲಲಿಲ್ಲ. ಮಲ್ಲಣ್ಣ ತಲೆಯ ಮೇಲಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಹುಬ್ಬು ಎತ್ತಿದ. ಏನು ಕೇಳುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಿಳಿದಿತ್ತು. ಪಕ್ಕದವರು ಬಂದರಾ ಎಂದು ಕೇಳುತ್ತಿದ್ದ. ನನಗೆ ಕಂಡದ್ದು ಆ ಹುಬ್ಬಿನ ಕೊಬ್ಬು ಮಾತ್ರ. ನನಗೇ ಹೇಳಿಕೊಡುತ್ತೀಯಾ ಎನ್ನುವ ಹಾಗೆ ಇನ್ನೊಂದು ಸಲ, ಉಸಿರು ಕಟ್ಟಿ, ಉದ್ದಕ್ಕೆ ಎರಡು ಊದಿದೆ. ಬಸ್ಸು ಹೊರಟಿತು.

ತಾಳಮಲೆಯಲ್ಲಿ ಇಳಿಯುತ್ತಿದ್ದ ಒಬ್ಬ, ಕಾಲಿಗೆ ಸಿಕ್ಕಿದ ಗಂಟನ್ನು ಎತ್ತಿ, “ಇದ್ಯಾರ್ದು?” ಎಂದ. ಗಂಟಿನ ಮೇಲೆ ಕಣ್ಣಿನ ಹನಿಔಷಧದ ಡಬ್ಬಿ. ಮಾದಮ್ಮಜ್ಜಿಯ ಗಂಟು. ಮಲ್ಲಣ್ಣ ಗಂಟನ್ನು ನೋಡಿದ, ನನ್ನನ್ನು ನೋಡಿದ. ಮರುಮಾತಿಲ್ಲದೆ ಅಲ್ಲೇ ಅಗಲ ಜಾಗದಲ್ಲಿ ಬಸ್ಸು ತಿರುಗಿಸಿದ.

ಜನ ರೇಗಿದರು. “ಎತ್ಲಾಗ್ಲಾ ಓಗ್ತಾ ಇದ್ದೀಯೆ?” “ತಲೆಗಿಲೆ ಕೆಟ್ಟದಾ?” ತಾಳವಾಡಿಯಲ್ಲಿ ಚಾಮರಾಜನಗರದ ಕಡೆ ಬಸ್ಸು ಹಿಡಿಯಬೇಕಾದವನೊಬ್ಬ ಮಲ್ಲಣ್ಣನ ಸೀಟಿಗೇ ಗುದ್ದಿದ. ಬಾಯಿ ಇರಲೇಬೇಕಾದ ಆ ಹೊತ್ತಿನಲ್ಲಿ ಮಲ್ಲಣ್ಣ ಬಾಯಿ ಬಿಡಲಿಲ್ಲ. ಹೇಳಬೇಕಾದವನು ನಾನು, ಕಂಬಿ ಹಿಡಿದು ನಿಂತಿದ್ದೆ. ಅಜ್ಜಿ ಉಳಿದುಹೋದಳೆಂಬ ಸುದ್ದಿ ಗಂಟು ನೋಡಿದವರಿಂದ ಸೀಟು ಸೀಟು ದಾಟಿ ಹಿಂದಕ್ಕೆ ಹೋಯಿತು. ಹೋಗುವಾಗಲೇ ಅದು, ಡ್ರೈವರ್ ಬಿಟ್ಟುಬಂದನಂತೆ ಎಂದಾಗಿತ್ತು. ಯಾರೂ ಬೇಕೆಂದು ಹಾಗೆ ಮಾಡಲಿಲ್ಲ. ಜೋರು ಬಾಯಿಯವನು ಇರುವ ಕಡೆ ತಪ್ಪಿಗೆ ಬೇರೆ ಮನೆ ಹುಡುಕುವವರು ಯಾರು?

ಮಾದಮ್ಮಜ್ಜಿ ಟೀ ಅಂಗಡಿಯ ಒಳಗಿನ ಬೆಂಚಿನಲ್ಲಿದ್ದಳು. ಬಸ್ಸಿನ ಸದ್ದಿನ ಹಿಂದೆ ಕೈ ಚಾಚಿಕೊಂಡು ರಸ್ತೆಯಲ್ಲಿ ನಡೆದಳಂತೆ. ಮುಂದಿನ ತಿರುವಿನಲ್ಲಿ ಆನೆ ನಿಂತಿದೆಯೆಂದು ಯಾರೋ ಕೂಗಿದ್ದಕ್ಕೆ ಅಂಗಡಿಯವನು ಓಡಿಹೋಗಿ ಎಳೆದುಕೊಂಡು ಬಂದನಂತೆ. ಕನ್ನಡಕ ಎಲ್ಲೋ ಬಿದ್ದಿತ್ತು. ಸೀರೆಯ ಅಂಚೆಲ್ಲ ಕೆಸರು. ನಾವು ಹತ್ತಿರ ಹೋದಾಗ ಅವಳಿಗೆ ಕಂಡದ್ದು ಎರಡು ಮಬ್ಬು ಆಕಾರ. ಆದರೂ ಯಾರನ್ನು ಬೈಯಬೇಕೆಂದು ಅವಳಿಗೂ ಅನುಮಾನವಿರಲಿಲ್ಲ.

“ಏ ಮಲ್ಲ! ಕಣ್ ಕಾಣ್ದೋಳ್ನ ಕಾಡ್ಗ್ ಬುಟ್ಬುಟ್ಟು ಓದ್ಯಲ್ಲಾ! ನಿಮ್ಮವ್ವನ್ನ ಇಂಗ್ ಬುಟ್ಟೋಗಿದ್ಯಾ? ಆ ಬಾಯಿ ಇಟ್ಕಂಡು ಒಂದ್ ಕೂಗ್ ಕೂಗಕ್ ಆಗ್ನಿಲ್ವಾ?”

ಮಲ್ಲಣ್ಣ ತಲೆ ತಗ್ಗಿಸಿ ನಿಂತ. ಆರು ದಿನದಲ್ಲಿ ಮೊದಲ ಸಲ ಅವನ ದನಿ ಕೇಳಿತು. “ತೆಪ್ಪಾಯ್ತು ಕಣವ್ವ. ಬಾ, ಬಸ್ ಅತ್ತು.”

ನಾನು ಪಕ್ಕದಲ್ಲೇ ಇದ್ದೆ. ಅವಳ ಇನ್ನೊಂದು ಕೈ ಹಿಡಿದಿದ್ದೆ. “ನೀನ್ ಒಳ್ಳೇನು ಕಣಪ್ಪ, ನೀನ್ ಇದ್ದುದ್ಕಾಯ್ತು” ಎಂದು ನನಗೆ ಹೇಳಿದಳು.

ಮಾರನೆಯ ದಿನ ಮತ್ತೆ ಮೊದಲಾಳಿಯ ಜಗಲಿ. ಚಾಮರಾಜನಗರದ ಬಸ್ಸು ತಪ್ಪಿಸಿಕೊಂಡವನು ಆಗಲೇ ಬಂದು ಹೇಳಿ ಹೋಗಿದ್ದ. ಮೊದಲಾಳಿ ಮಲ್ಲಣ್ಣನನ್ನು ಕೇಳಿದರು, “ಮುದ್ಕೀನ ಬಿಟ್ಟು ಓದೆ, ಆಮೇಲೆ ಏಳ್ದೆ ಕೇಳ್ದೆ ಬಸ್ ತಿರುಗ್ಸ್ದೆ. ನಿಜ್ವಾ?” ಮಲ್ಲಣ್ಣ, “ಬಸ್ ತಿರುಗ್ಸಿದ್ದು ನಾನೇ” ಎಂದ. ಮೊದಲಾಳಿ ನನ್ನ ಕಡೆ ತಿರುಗಿದರು. “ನೀನ್ ಏನಪ್ಪ ಏಳ್ತಿ?”

“ಜನ ಜಾಸ್ತಿ ಇದ್ರು ಸಾರ್” ಎಂದೆ.

ಸುಳ್ಳಲ್ಲ ನೋಡಿ. ಜನ ಜಾಸ್ತಿಯೇ ಇದ್ದರು. ಅಷ್ಟು ಚೊಕ್ಕಟವಾದ, ಅಷ್ಟು ಮೆತ್ತಗಿನ ಮಾತನ್ನು ನಾನು ಆ ಮೇಲೆ ಆಡಿಲ್ಲ. ಮಲ್ಲಣ್ಣ ಬಸ್ಸಿನ ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಬೇರೆ ಬಸ್ಸಿನವರೂ ಅವನನ್ನು ಸೇರಿಸಲಿಲ್ಲ. ಕಣ್ಣು ಕಾಣದ ಮುದುಕಿಯನ್ನು ಆನೆ ಕಾಡಿನಲ್ಲಿ ಬಿಟ್ಟವನ ಕೈಗೆ ಜನ ತುಂಬಿದ ಬಸ್ಸನ್ನು ಯಾರು ಕೊಡುತ್ತಾರೆ? ಎಲೆಕೋಸು ತುಂಬಿದ ಲಾರಿ ಓಡಿಸಿದ. ಕೋಸಿಗೆ ಏನು ಕೂಗಿ ಹೇಳುವುದು? ಸ್ವಲ್ಪ ಕಾಲಕ್ಕೆ ಅದನ್ನೂ ಬಿಟ್ಟನೆಂದು ಕೇಳಿದೆ.

ಮೊದಮೊದಲು ಈ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಆಮೇಲೆ ಸುಮ್ಮನೆ ಕೂತಿದ್ದೆ. ಆಮೇಲೊಂದು ದಿನ ಯಾರೋ, “ನೀನೇ ಇದ್ಯಲ್ಲಪ್ಪ, ಏನಾಯ್ತು ಯೋಳು” ಎಂದರು. ಕತೆ ಹೇಳು ಎಂದರೆ ನನ್ನ ಬಾಯಿ ಸುಮ್ಮನಿರದು, ಅದು ಹುಟ್ಟಿನಿಂದ ಬಂದ ರೋಗ. ಮಲ್ಲಣ್ಣನ ದನಿ ಅಣಕಿಸಿದೆ. ಜನ ನಕ್ಕರು. ಆಮೇಲೆ ಆ ಬೀಗರೂಟದಲ್ಲಿ ಆನೆ ಬಂತು. ಮಾದಮ್ಮಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡಳು; ಅವಳ ತಿಥಿಯ ಊಟದಲ್ಲೂ ಹೇಳಿದ್ದೇನೆ. ಕತೆ ಹೇಳಿ ಹೇಳಿ ಒಂದು ಹಂತಕ್ಕೆ ಬಂದೆ, ವಿಸಿಲ್ ಊದಿದವರಾರೆಂದು ನನಗೇ ನೆನಪು ಮಾಡಿಕೊಳ್ಳಬೇಕಿತ್ತು.

ಟೀ ಅಂಗಡಿಯಲ್ಲಿ ಆ ಹುಡುಗನ ಬಾಯಿಂದ ಕೇಳಿದ ಮೇಲೆ, ಮೂರು ಸಲ ತಾಳಮಲೆಯ ಬಸ್ಸು ಹತ್ತಿ ಮೂರು ಸಲವೂ ಇಳಿಯದೆ ಮುಂದೆ ಹೋದೆ. ನಾಲ್ಕನೆಯ ಸಲ ಇಳಿದೆ.

ಮಲ್ಲಣ್ಣ ಮನೆ ಮುಂದೆ ಅವರೆಕಾಯಿ ಬಿಡಿಸುತ್ತ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಓ, ಐನೋರು! ದಾರಿ ತೆಪ್ಪಿ ಬಂದ್ರಾ?” ಎಂದ. ಅದೇ ದನಿ. ಎದುರುಮನೆಯ ನಾಯಿ ಎದ್ದು ಕೂತಿತು.

ನಾನು ನಿಂತುಕೊಂಡೇ ಹೇಳಲು ಶುರು ಮಾಡಿದೆ. ಮಲ್ಲಣ್ಣ, ಅವತ್ತು ನೀನು ಕನ್ನಡಿಯಲ್ಲಿ ಕೇಳಿದೆ, ನನಗೆ ಗೊತ್ತಾಗಿತ್ತು, ಆದರೂ ಊದಿದೆ. ಹಾಗೆ ಹೀಗೆ. ಅವನು ಕಾಯಿ ಬಿಡಿಸುತ್ತಲೇ ಕೇಳಿದ. ಮುಗಿದ ಮೇಲೆ ತಲೆಯೆತ್ತಿದ.

“ಇದ್ನ ನನ್ತಾವ ಯಾಕ್ಲಾ ಯೋಳೀಯೆ? ನಾನ್ ಅಲ್ಲೇ ಇರ್ನಿಲ್ವಾ? ಸ್ಟೇರಿಂಗ್ ಇಡ್ದಿದ್ದು ನಿಮ್ಮಜ್ಜೀನಾ?”

“ತಪ್ಪು ನನ್ನದು ಅಂತ...”

“ನನ್ದೂ ಅದೆ. ಮುದ್ಕಿ ಬಸ್ ಅತ್ಲಿಲ್ಲ ಅಂತ ನಂಗ್ ಅನ್ಮಾನ ಬಂತು. ಒಂದ್ ಕೂಗ್ ಆಕಿದ್ರೆ ಆಗೋದು. ಮೊದಲಾಳಿ ಬಾಯ್ ಮುಚ್ಚು ಅಂದವ್ನೆ, ಮುಚ್ಕಂಡೇ ತೋರಿಸ್ತೀನಿ ಅಂತ ಅಟ. ಅಟಕ್ಕೆ ಬಸ್ ಎತ್ತ್ಬುಟ್ಟೆ. ಅದ್ಕೇ ಆ ಅವ್ವ ಬೋಯ್ದಾಗ ಬೋಯ್ಸ್ಕಂಡೆ, ಮೊದಲಾಳಿ ಜಗ್ಲೀಲಿ ಕೀ ಮಡಗ್ಬುಟ್ಟು ಬಂದೆ. ನನ್ ಪಾಲು ನಾನ್ ತಕ್ಕಂಡೆ ಕಣಯ್ಯ.” ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. ಆ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. “ನಿನ್ ಪಾಲು ಎಲ್ಲದೆ?”

ನಾನು ಬಗ್ಗಿ, ಕೆಳಗೆ ಬಿದ್ದಿದ್ದ ಒಂದು ಅವರೆಕಾಯಿ ಎತ್ತಿದೆ.

“ನನ್ ಮೊಮ್ಮಗ್ಳು ಇಸ್ಕೂಲಿಂದ ಅಳ್ತಾ ಬಂದ್ಳು. ‘ನಿಮ್ ತಾತ ಮುದ್ಕೀನ ಆನೆಗ್ ಬುಟ್ಬುಟ್ಟು ಬಂದೋನಂತೆ’ ಅಂತ ಆಡ್ಕಂಡ್ರಂತೆ ಐಕ್ಳು. ಆನೆ ಟಿಕೆಟ್ ಕೇಳ್ತಂತೆ. ಯಾರ್ ಯೋಳಿದ್ ಕತೆ ಅಂತ ನಂಗ್ ಗೊತ್ತಿಲ್ವಾ? ಗೊತ್ತಿರೋನ್ತಾವ ಬಂದು ಗೊತ್ತಿರೋದ್ನೇ ಯೋಳಿ, ಮನಸ್ ಅಗ್ರ ಮಾಡ್ಕಂಡ್ ಓಗಕ್ ಬಂದ್ಯಾ? ಓಗು. ಗೊತ್ತಿಲ್ದೋರ್ತಾವ ಯೋಳು.”

ಆಮೇಲೆ ಹೆಂಡತಿಯನ್ನು ಕೂಗಿ ಮಜ್ಜಿಗೆ ತರಿಸಿದ. ಮಜ್ಜಿಗೆ ಕುಡಿದೆ. ಲೋಟ ಕೆಳಗಿಟ್ಟು ಬಸ್ಸಿನ ಕಡೆ ನಡೆದೆ.

ಇದಾಗಿ ನಾಲ್ಕು ದಿನಕ್ಕೆ, ಸೋಮವಾರ, ಬೆಳಗಿನ ಬಸ್ಸಿನಲ್ಲಿ ತಾಳವಾಡಿಗೆ ಹೊರಟೆ. ಅದೇ ಮೊದಲಾಳಿಯ ಬಸ್ಸು. ಡ್ರೈವರೂ ಕಂಡಕ್ಟರೂ ಹೊಸಬರು. ಗೆಟ್ಟವಾಡಿಯವರೇ ಅರ್ಧ ತುಂಬಿದ್ದರು. ಬಸ್ಸು ಊರು ಬಿಡುತ್ತಿದ್ದಂತೆ ಯಾರೋ ಎಂದಿನ ಹಾಗೆ, “ಯಜಮಾನ್ರೇ, ಸುಮ್ನೆ ಕುಂತಿದ್ದೀರಲ್ಲ, ಆ ಬಾಯ್ಬಡ್ಕನ್ ಕತೆ ಯೋಳಿ” ಎಂದರು.

ನಾನು ಕೂತಲ್ಲಿಂದಲೇ ಹೇಳಿದೆ. “ಆ ಕತೆ ಸುಳ್ಳು.”

“ಆಂ? ಏನ್ ಅಂದ್ರಿ?”

“ಸುಳ್ಳು ಅಂದೆ. ವಿಸಿಲ್ ಊದಿದ್ದು...”

“ಕೇಳಾಕಿಲ್ಲ ಯಜಮಾನ್ರೇ, ಜೋರಾಗ್ ಯೋಳಿ!” ಹಿಂದಿನ ಸೀಟಿನಿಂದ. ಎಂಜಿನ್ ಗುಡುಗುಟ್ಟುತ್ತಿತ್ತು. ಎದ್ದು ನಿಂತೆ. ಕಂಬಿ ಹಿಡಿದುಕೊಂಡೆ. ಅರುವತ್ತು ವರ್ಷ ಮೀರಿದ ಗಂಟಲು, ಕೂಗಿ ಅಭ್ಯಾಸವಿಲ್ಲದ್ದು. ಬಂದ ದನಿ ಹುಂಜ ಕೂಗಿದ ಹಾಗಿತ್ತು. ಕೂಗಿ ಹೇಳಿದೆ. ವಿಸಿಲ್ ಊದಿದವನು ನಾನು, ಮಲ್ಲಣ್ಣ ಅಲ್ಲ. ಅವನು ಕೇಳಿದ, ನಾನು ಮತ್ತೆ ಊದಿದೆ. ಅಜ್ಜಿ ಬೈದಾಗ ಪಕ್ಕದಲ್ಲಿದ್ದೆ, ಬಾಯಿ ಬಿಡಲಿಲ್ಲ. ಮೊದಲಾಳಿ ಕೇಳಿದಾಗಲೂ ಬಿಡಲಿಲ್ಲ. ಆನೆ ನಾನು ಹುಟ್ಟಿಸಿದ್ದು.

ಯಾರೂ ನಗಲಿಲ್ಲ. ಕತೆ ಹೇಳಿದ ಮೇಲೆ ಜನ ನಗದೆ ಕೂತದ್ದು ನನಗೆ ಅದೇ ಮೊದಲು. ಕತೆ ಹೇಳೆಂದವನು ಕಿಟಕಿಯಾಚೆ ನೋಡಿದ. ಕೂರೋಣವೆಂದು ಬಾಗಿದೆ.

“ಕುಂತ್ಕಬ್ಯಾಡಿ.”

ಎರಡು ಸೀಟು ಮುಂದಿನಿಂದ ಒಬ್ಬಳು ತಿರುಗಿದಳು. ಮಾದಮ್ಮಜ್ಜಿಯ ಸೊಸೆ ಪುಟ್ಟಮ್ಮ. ಅವಳು ಬಸ್ಸಿನಲ್ಲಿರುವುದನ್ನು ನಾನು ನೋಡಿರಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಪಕ್ಕದವಳ ಮಡಿಲಿಗೆ ದಾಟಿಸಿ ಎದ್ದು ನಿಂತಳು.

“ಅಂಗಾರೆ ನಮ್ಮತ್ತೆ ಸಾಯೋಗಂಟ ಮಲ್ಲಣ್ಣನ್ನ ಬೋಯ್ಕಂಡಿದ್ದು ಸುಮ್ ಸುಮ್ನೆ?”

“ಹೌದವ್ವ. ಅದು ನನಗೆ ಬರಬೇಕಾದದ್ದು.”

“ನಿಮ್ನ ಒಳ್ಳೇನು ಒಳ್ಳೇನು ಅಂತಿತ್ತು. ಅಬ್ಬಕ್ಕೆ ಒಬ್ಬಟ್ಟು ಮಾಡುದ್ರೆ ಮೊದ್ಲು ನಿಮ್ಮನೇಗ್ ಕಳಿಸ್ತಿತ್ತು. ತಿಂದ್ರಲ್ಲಾ, ನಾಲ್ಗೇಗೆ ಎಂಗ್ ಸೇರ್ತು?” ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅತ್ತೆ ಇಲ್ಲ. ನಾನಿವ್ನಿ. ಬೋಯ್ಲಾ?”

“ಬೈಯವ್ವ” ಎಂದೆ.

ಬೈದಳು. ನಾನು ನಿಂತು ಕೇಳಿದೆ. ನನ್ನ ಮೆತ್ತಗಿನ ದನಿಯನ್ನು ಬೈದಳು, ಇಸ್ತ್ರಿ ಅಂಗಿಯನ್ನು ಬೈದಳು, ಅತ್ತೆಯ ತಿಥಿಯಲ್ಲಿ ಕೂತು ಅತ್ತೆಯದೇ ಕತೆ ಹೇಳಿ ನಗಿಸಿದ್ದನ್ನು ಎತ್ತಿ ಬೈದಳು. ಕಂಡಕ್ಟರ್ ಹುಡುಗ ನಡುವೆ ಬಂದು, “ಬಿಡಿ ಅಕ್ಕ, ವಯಸ್ಸಾದೋರು” ಎಂದ. “ನೀನ್ ಟಿಕೆಟ್ ಕೊಡೋಗ್ಲಾ!” ಎಂದು ಅವನಿಗೂ ಒಂದು ಬಿತ್ತು. ಹಿಂದಿನವರು ಕತ್ತು ಚಾಚಿ ಕೇಳುತ್ತಿದ್ದರು. ಈ ಕತೆ ಇವತ್ತು ಸಂಜೆಗೆ ಊರೆಲ್ಲ ಹಬ್ಬುತ್ತದೆ, ನಾಳೆಗೆ ತಾಳಮಲೆ ಇಸ್ಕೂಲನ್ನೂ ಮುಟ್ಟೀತು ಎಂದು ನನಗೆ ಅನಿಸಿತು. ಮುಟ್ಟಲಿ. ಕಿಟಕಿಯಿಂದ ಹಾರಿ ಓಡಿಹೋಗೋಣ ಅನ್ನಿಸುತ್ತಿತ್ತು. ಕಂಬಿ ಬಿಡಲಿಲ್ಲ.

ತಾಳವಾಡಿ ಬಂತು. ಜನ ಇಳಿಯತೊಡಗಿದರು. ಪುಟ್ಟಮ್ಮ ಚೀಲ ಇಸಿದುಕೊಂಡು ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನಿಂತಳು.

“ಇನ್ನೂ ಮುಗ್ದಿಲ್ಲ. ವಾಪಸ್ ಓಗೋವಾಗ ಇದೇ ಬಸ್ಗೆ ಬತ್ತೀರಾ?”

“ಬರ್ತೀನಿ ಕಣವ್ವ” ಎಂದೆ. ನನ್ನ ದನಿ ಅವಳಿಗೆ ಕೇಳಿಸಿತು.